ಅವರು ‘ಪುಂಡರೋ’, ‘ನೊಂದ ಜನರೋ’? ಬ್ರಿಟನ್ ಗಲಭೆಯನ್ನು ಪತ್ರಿಕೆಗಳು ಹೇಳಿದ ಬಗೆ

ಟೀಸ್ ತೀರದ ಕನ್ನಡತಿ

ಎಲ್ಲರಿಗೂ ನಮಸ್ಕಾರ. ಕಳೆದ ಶನಿವಾರ, 2025ರ ಸೆಪ್ಟೆಂಬರ್ 13ರಂದು, ವಲಸೆ ವಿರೋಧಿ ಬಲಪಂಥೀಯ ಟಾಮಿ ರಾಬಿನ್ಸನ್ ಕರೆದ ಮೆರವಣಿಗೆಗೆ ಲಂಡನ್ನಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಸೇರಿದ್ದನ್ನು ನೀವೂ ನೋಡಿರುತ್ತೀರಿ. ತೀರ್ಥಹಳ್ಳಿಯಿಂದ ಅಣ್ಣ ಫೋನ್ ಮಾಡಿ, "ಅವರೆಲ್ಲ ಯಾರು? ಏನು ಬೇಕಂತೆ ಅವರಿಗೆ?" ಎಂದು ಕೇಳಿದ. ಏನು ಹೇಳಬೇಕೆಂದು ತೋಚಲಿಲ್ಲ. ಹೋದ ವರ್ಷದ ಆಗಸ್ಟ್‌ನಿಂದ ನನ್ನನ್ನು ಕೊರೆಯುತ್ತಿರುವ ಪ್ರಶ್ನೆಯೂ ಅದೇ.

ನಾನು ಮಿಡಲ್ಸ್‌ಬರೋದಲ್ಲಿ ನರ್ಸ್. 2024ರ ಆಗಸ್ಟ್ 4, ಭಾನುವಾರ. ಸೌತ್‌ಪೋರ್ಟ್‌ನಲ್ಲಿ ಮೂವರು ಹುಡುಗಿಯರ ಕೊಲೆಯಾದ ಮೇಲೆ ವಲಸಿಗರ ವಿರುದ್ಧ ಹಲವು ಊರುಗಳಲ್ಲಿ ಗಲಭೆ ಎದ್ದಿತ್ತು. ಪಾರ್ಲಿಮೆಂಟ್ ರೋಡಿನ ಕಡೆ ಗುಂಪು ಮನೆಗಳ ಕಿಟಕಿ ಒಡೆಯುತ್ತಾ ಸಾಗಿತ್ತು. ರಸ್ತೆಯಲ್ಲಿ ಕಾರುಗಳನ್ನು ತಡೆದು, "ನೀನು ಬಿಳಿಯನೇ? ಇಂಗ್ಲಿಷರವನೇ?" ಎಂದು ಕೇಳುತ್ತಿದ್ದ ವಿಡಿಯೊ ನಮ್ಮ ವಾರ್ಡಿನಲ್ಲಿ ಮೊಬೈಲ್‌ನಿಂದ ಮೊಬೈಲ್‌ಗೆ ಹರಿದಾಡಿತು. ಪಾಳಿ ಮುಗಿದರೂ ನಾನು ಹೊರಗೆ ಹೆಜ್ಜೆ ಇಡಲಿಲ್ಲ. ನಮ್ಮ ವಾರ್ಡನ್ನು ಶುಚಿಗೊಳಿಸುವ ಹೆಂಗಸು, ಅರವತ್ತು ದಾಟಿದವರು, ಇಲ್ಲೇ ಹುಟ್ಟಿ ಬೆಳೆದ ಬಿಳಿಯರು, ನನ್ನನ್ನು ತಮ್ಮ ಕಾರಿನಲ್ಲಿ ಮನೆಗೆ ಬಿಟ್ಟರು. ಹಿಂದಿನ ಸೀಟಿನಲ್ಲಿ ಬಗ್ಗಿ ಕುಳಿತಿರಲು ಹೇಳಿ ತಮ್ಮ ಮಳೆಯಂಗಿಯನ್ನು ನನ್ನ ತಲೆಯ ಮೇಲೆ ಹೊದಿಸಿದರು. ಅದಕ್ಕೆ ಬ್ಲೀಚಿನ ವಾಸನೆ. ದಾರಿಯುದ್ದಕ್ಕೂ ನನಗೆ ಬೇರೇನೂ ಕಾಣಿಸಲಿಲ್ಲ, ಆ ವಾಸನೆಯೊಂದೇ.

ಮಾರನೆಯ ದಿನದಿಂದ ಪತ್ರಿಕೆಗಳನ್ನು ಬಿಡದೆ ಓದಿದೆ. ಕೆಲವರು ಗಲಭೆಕೋರರನ್ನು ‘ಪುಂಡರು’ ಎಂದು ಬರೆದು ಕೈತೊಳೆದುಕೊಂಡರು. ಇನ್ನು ಕೆಲವರು ‘ಬಿಳಿಯ ಶ್ರಮಿಕ ವರ್ಗದ ನ್ಯಾಯವಾದ ಕಳವಳ’ ಎಂದು ಮರುಗಿದರು. ಆ ಕಾರು ಓಡಿಸಿದವರಿಗೆ ಈ ಎರಡರಲ್ಲಿ ಎಲ್ಲಿಯೂ ಜಾಗವಿಲ್ಲ. ನನಗೂ ಇಲ್ಲ. ಇದನ್ನು ಸರಿಯಾಗಿ ಹೇಳುವುದಾದರೆ ಹೇಗೆ ಹೇಳಬೇಕಿತ್ತು? ನಿಮ್ಮ ಅಭಿಪ್ರಾಯ ಬೇಕು.

ಲೀಡ್ಸ್ ಗೆಳೆಯ

ಅಕ್ಕ, ಓದಿ ಮೈ ನಡುಗಿತು. ಆದರೆ ನನ್ನ ಉತ್ತರ ನೇರ: ಮನೆಗೆ ಕಲ್ಲು ಹೊಡೆದವನು ಪುಂಡ. ಅವನ ಬಡತನದ ಕತೆಯನ್ನು ನಾನೇಕೆ ಕೇಳಬೇಕು? ನಮ್ಮ ಹೆಂಡತಿ ಮಕ್ಕಳು ಒಂದು ವಾರ ಮನೆಯಿಂದ ಹೊರಗೆ ಬರಲಿಲ್ಲ. ಲಂಡನ್ನಿನ ಭಾರತೀಯ ಹೈಕಮಿಷನ್ ಆಗಸ್ಟ್ 6ರಂದು ಎಚ್ಚರಿಕೆಯ ಸೂಚನೆ ಹೊರಡಿಸುವಷ್ಟು ಪರಿಸ್ಥಿತಿ ಕೆಟ್ಟಿತ್ತು.

ಸ್ಲಾವ್ ಕಾವೇರಿ

ಎಲ್ಲರೂ ಒಂದೇ ಕಡೆ ವಾಲುವ ಮೊದಲು ಒಂದು ಮಾತು. ಮೂರು ಪುಟ್ಟ ಹುಡುಗಿಯರನ್ನು ನೃತ್ಯ ತರಗತಿಯಲ್ಲಿ ಇರಿದು ಕೊಂದ ನಿರಾಶ್ರಿತನಿಂದ ಇದೆಲ್ಲ ಶುರುವಾಯಿತು. ಜನರಿಗೆ ಸಿಟ್ಟು ಬಂದಿದ್ದು ತಪ್ಪೇ? ಸಿಟ್ಟು ಬಂದವರಿಗೆಲ್ಲ ‘ಬಲಪಂಥೀಯ ಉಗ್ರ’ ಎಂಬ ಹಣೆಪಟ್ಟಿ ಹಚ್ಚಿ ಬಾಯಿ ಮುಚ್ಚಿಸಿದರು.

ಮರ್ಸಿ ನದಿ

ಕಾವೇರಿಯವರೇ, ತಿದ್ದಿಕೊಳ್ಳಿ. ಕೊಲೆಗಾರ ನಿರಾಶ್ರಿತನಲ್ಲ. ಕಾರ್ಡಿಫ್‌ನಲ್ಲಿ ಹುಟ್ಟಿದ 17ರ ಹುಡುಗ, ತಂದೆತಾಯಿ ರುವಾಂಡಾದವರು. ‘ಕಳೆದ ವರ್ಷ ದೋಣಿಯಲ್ಲಿ ಬಂದ ಮುಸ್ಲಿಂ’ ಎಂಬ ಕತೆಯನ್ನು, ಹೆಸರನ್ನೂ ಕಲ್ಪಿಸಿ, ಹಬ್ಬಿಸಿದ್ದು ಸಾಮಾಜಿಕ ಜಾಲತಾಣಗಳು ಮತ್ತು ‘ಚಾನೆಲ್3ನೌ’ ಎಂಬ ಜಾಲತಾಣ. ಒಂದು ವರ್ಷ ಕಳೆದರೂ ನೀವು ಅದನ್ನೇ ನಂಬಿದ್ದೀರಿ ಎಂದರೆ ಸುಳ್ಳಿನ ಆಯುಷ್ಯ ಎಷ್ಟು ಗಟ್ಟಿ ನೋಡಿ.

ಸ್ಲಾವ್ ಕಾವೇರಿ

ತಪ್ಪಾಯಿತು, ಒಪ್ಪಿಕೊಳ್ಳುತ್ತೇನೆ. ವಾಟ್ಸ್ಆ್ಯಪ್‌ನಲ್ಲಿ ಓದಿದ್ದೇ ತಲೆಯಲ್ಲಿ ಉಳಿದಿತ್ತು. ಆದರೆ ಪೊಲೀಸರು ಮೊದಲ ದಿನವೇ ಸತ್ಯ ಹೇಳಿದ್ದರೆ?

ನಿವೃತ್ತ ಸುದ್ದಿಮನೆ

ಇದಕ್ಕೆ ನಾನು ಉತ್ತರಿಸುತ್ತೇನೆ. ಬೆಂಗಳೂರಿನ ಪತ್ರಿಕೆಯೊಂದರ ವಿದೇಶಿ ಸುದ್ದಿ ವಿಭಾಗದಲ್ಲಿ ಹಲವು ವರ್ಷ ದುಡಿದವನು ನಾನು.

ಬ್ರಿಟನ್ನಿನ ಕಾನೂನಿನಲ್ಲಿ 18 ತುಂಬದ ಆರೋಪಿಯ ಹೆಸರು ಪ್ರಕಟಿಸಲು ನಿರ್ಬಂಧವಿದೆ. ಜತೆಗೆ 1981ರ ನ್ಯಾಯಾಂಗ ನಿಂದನೆ ಕಾಯ್ದೆ ವಿಚಾರಣೆಗೆ ಧಕ್ಕೆ ತರುವ ಬರವಣಿಗೆಯನ್ನು ತಡೆಯುತ್ತದೆ. ಜವಾಬ್ದಾರಿಯಿಂದ ಬರೆಯುವವರು ಸುಮ್ಮನಿರಬೇಕಾಯಿತು, ಜವಾಬ್ದಾರಿ ಇಲ್ಲದವರಿಗೆ ಇಡೀ ಬಯಲು ಸಿಕ್ಕಿತು. ಕೊಲೆ ನಡೆದದ್ದು ಜುಲೈ 29ಕ್ಕೆ, ಸೌತ್‌ಪೋರ್ಟ್‌ನ ಮಸೀದಿಗೆ ಇಟ್ಟಿಗೆ ಬಿದ್ದದ್ದು 30ರ ಸಂಜೆ, ಲಿವರ್‌ಪೂಲ್ ನ್ಯಾಯಾಧೀಶರು ಹೆಸರು ಪ್ರಕಟಿಸಲು ಅನುಮತಿ ಕೊಟ್ಟದ್ದು ಆಗಸ್ಟ್ 1ಕ್ಕೆ. ಸುಳ್ಳಿಗೆ ಆ ಮೂರು ದಿನ ಧಾರಾಳವಾಯಿತು. ನೈಜಲ್ ಫರಾಜ್‌ರಂತಹ ಸಂಸದರೇ ‘ನಮ್ಮಿಂದ ಸತ್ಯ ಮುಚ್ಚಿಡಲಾಗುತ್ತಿದೆಯೇ’ ಎಂದು ವಿಡಿಯೊದಲ್ಲಿ ಕೇಳಿದ ಮೇಲೆ ಸಾಮಾನ್ಯರನ್ನು ದೂರಿ ಫಲವೇನು?

ಇನ್ನು ಮೂಲ ಪ್ರಶ್ನೆ. ಪತ್ರಕರ್ತರು ಯಾವ ಮನೆಗಳಿಂದ ಬರುತ್ತಾರೆ ಎಂಬುದನ್ನು ನೋಡದೆ ಅವರ ಶಬ್ದಗಳನ್ನು ಅರ್ಥ ಮಾಡಿಕೊಳ್ಳಲಾಗದು. ಸಟ್ಟನ್ ಟ್ರಸ್ಟ್ ಸಂಸ್ಥೆಯ 2019ರ ವರದಿಯ ಪ್ರಕಾರ ಬ್ರಿಟನ್ನಿನ ಅಂಕಣಕಾರರಲ್ಲಿ ಶೇ 44ರಷ್ಟು ಮಂದಿ ಖಾಸಗಿ ಶಾಲೆಯಲ್ಲಿ ಓದಿದವರು. ದೇಶದ ಜನಸಂಖ್ಯೆಯಲ್ಲಿ ಅಂಥವರು ಶೇ 7 ಮಾತ್ರ. ಬಡವರ ಬೀದಿಯನ್ನು ರೈಲಿನ ಕಿಟಕಿಯಿಂದಷ್ಟೇ ನೋಡಿದವನಿಗೆ ಆ ಬೀದಿಯವರೆಲ್ಲ ರಾಕ್ಷಸರಾಗಿ ಕಾಣಬಹುದು, ಇಲ್ಲವೇ ಪಾಪದ ಪ್ರಾಣಿಗಳಾಗಿ. ಎರಡರಲ್ಲೂ ಮನುಷ್ಯ ಕಾಣುವುದಿಲ್ಲ. ಇತ್ತ ಸ್ಥಳೀಯ ಪತ್ರಿಕೆಗಳು ಕಳೆದ ಇಪ್ಪತ್ತು ವರ್ಷಗಳಲ್ಲಿ ನೂರಾರು ಸಂಖ್ಯೆಯಲ್ಲಿ ಮುಚ್ಚಿಹೋದವು. ಆ ಬೀದಿಯ ಚರಂಡಿ, ಶಾಲೆ, ಬಸ್ಸಿನ ಬಗ್ಗೆ ಬರೆಯುವ ವರದಿಗಾರ ಹೋದ. ಕಲ್ಲು ಬಿದ್ದ ದಿನ ಮಾತ್ರ ಕ್ಯಾಮೆರಾ ಬಂತು.

ಡಾನ್ ಕಣಿವೆ

ಸುದ್ದಿಮನೆಯವರ ಮಾತಿಗೆ ಒಂದು ನೆಲದ ಸಾಕ್ಷಿ ಕೊಡುತ್ತೇನೆ. ನಾನು ರಾದರ್ಹ್ಯಾಮ್ ಹತ್ತಿರ ಇರುತ್ತೇನೆ.

ಅದೇ ಆಗಸ್ಟ್ 4ರಂದು ಗುಂಪು ಬೆಂಕಿ ಹಚ್ಚಲು ಹೊರಟ ಹಾಲಿಡೇ ಇನ್ ಎಕ್ಸ್‌ಪ್ರೆಸ್ ಹೋಟೆಲ್ ಇರುವುದು ಮ್ಯಾನ್ವರ್ಸ್ ಎಂಬಲ್ಲಿ. ಒಳಗೆ ಇನ್ನೂರಕ್ಕೂ ಹೆಚ್ಚು ಆಶ್ರಯ ಕೋರಿದವರಿದ್ದರು. ಉರಿಯುವ ಕಸದ ತೊಟ್ಟಿಯನ್ನು ತಳ್ಳಿಕೊಂಡು ಹೋಗಿ ಬಾಗಿಲಿಗೆ ಒತ್ತಿದರು. ಐವತ್ತಕ್ಕೂ ಹೆಚ್ಚು ಪೊಲೀಸರು ಗಾಯಗೊಂಡರು. ಇಷ್ಟನ್ನು ಎಲ್ಲ ವಾಹಿನಿಗಳೂ ತೋರಿಸಿದವು.

ಯಾರೂ ಹೇಳದಿದ್ದುದು ಆ ನೆಲದ ಕತೆ. ಮ್ಯಾನ್ವರ್ಸ್ ಕಲ್ಲಿದ್ದಲು ಗಣಿ 1988ರಲ್ಲಿ ಮುಚ್ಚಿತು. ಸಾವಿರಾರು ಜನರ ಅನ್ನ ಹೋಯಿತು. ವರ್ಷಗಳ ಕಾಲ ಪಾಳುಬಿದ್ದಿದ್ದ ಜಾಗದಲ್ಲಿ ಆಮೇಲೆ ಗೋದಾಮು, ಕಾಲ್ ಸೆಂಟರ್, ಹೋಟೆಲ್ ಬಂದವು. ಅಲ್ಲಿಂದ ಕೆಲವೇ ಮೈಲಿ ದೂರದ ಆರ್ಗ್ರೀವ್‌ನಲ್ಲಿ 1984ರ ಜೂನ್ 18ರಂದು ಮುಷ್ಕರನಿರತ ಗಣಿ ಕಾರ್ಮಿಕರ ಮೇಲೆ ಪೊಲೀಸರು ಕುದುರೆ ಹಾಯಿಸಿದರು. ಅಂದು ಸಂಜೆಯ ಬಿಬಿಸಿ ವಾರ್ತೆಯಲ್ಲಿ ಕಾರ್ಮಿಕರು ಕಲ್ಲೆಸೆದದ್ದು ಮೊದಲು, ಕುದುರೆ ನುಗ್ಗಿದ್ದು ಆಮೇಲೆ. ದೃಶ್ಯಗಳ ಕ್ರಮ ತಿರುವುಮುರುವಾಗಿತ್ತೆಂದು ಬಿಬಿಸಿ ಮುಂದೆ ಒಪ್ಪಿಕೊಂಡಿತು. ನನ್ನ ಪಕ್ಕದ ಮನೆಯ ಅಜ್ಜ ಆವತ್ತು ಅಲ್ಲಿದ್ದವರು. ಇವತ್ತಿಗೂ ಅವರ ಮನೆಯಲ್ಲಿ ಆ ವಾರ್ತೆ ಹಾಕುವುದಿಲ್ಲ. ಹೋಟೆಲಿಗೆ ಬೆಂಕಿ ಇಟ್ಟವರನ್ನು ಅವರು ಎಷ್ಟು ಬೈದರೆಂದರೆ ಇಲ್ಲಿ ಬರೆಯಲಾರೆ. ಆದರೂ ಆ ವಾರ್ತೆ ಹೇಳಿದ್ದನ್ನು ಮಾತ್ರ ನಂಬಲಾರರು.

ಲೀಡ್ಸ್ ಗೆಳೆಯ

ಗಣಿ ಮುಚ್ಚಿದ್ದು 1988ರಲ್ಲಿ. ಬೆಂಕಿ ಹಾಕಿದವರಲ್ಲಿ ಅರ್ಧ ಜನ ಆಗ ಹುಟ್ಟಿಯೂ ಇರಲಿಲ್ಲ. ಎಷ್ಟು ತಲೆಮಾರಿನವರೆಗೆ ಈ ಲೆಕ್ಕ ಎಳೆಯುತ್ತೀರಿ? ಇನ್ನೊಂದು ವಿಷಯ: ಹೋಟೆಲುಗಳಿಗೆ ಬೆಂಕಿ ಹಾಕಿ ಎಂದು ಎಕ್ಸ್‌ನಲ್ಲಿ ಬರೆದು 31 ತಿಂಗಳ ಶಿಕ್ಷೆ ಪಡೆದಾಕೆ ನಾರ್ತಾಂಪ್ಟನ್‌ನ ಕನ್ಸರ್ವೇಟಿವ್ ಕೌನ್ಸಿಲರ್ ಒಬ್ಬರ ಪತ್ನಿ. ‘ಅಂತರ್ಯುದ್ಧ ಅನಿವಾರ್ಯ’ ಎಂದು ಬರೆದವರು ಜಗತ್ತಿನ ಅತಿ ದೊಡ್ಡ ಶ್ರೀಮಂತ ಇಲಾನ್ ಮಸ್ಕ್. ದ್ವೇಷವನ್ನು ಬಡವರ ಮನೆಯ ಕಾಯಿಲೆ ಎಂಬಂತೆ ಬರೆಯುವುದು ಬಡವರಿಗೇ ಮಾಡುವ ಅವಮಾನ.

ಡಾನ್ ಕಣಿವೆ

ಕೊನೆಯ ಸಾಲನ್ನು ನೂರಕ್ಕೆ ನೂರು ಒಪ್ಪುತ್ತೇನೆ. ಗಣಿಯ ಕತೆಯನ್ನು ನಾನು ಕ್ಷಮೆಗಾಗಿ ಹೇಳಲಿಲ್ಲ. ಪತ್ರಿಕೆ ಹೇಳಿದ್ದನ್ನು ಜನ ಏಕೆ ನಂಬಲಿಲ್ಲ, ಯಾವನೋ ಮೊಬೈಲ್‌ನಲ್ಲಿ ಹೇಳಿದ್ದನ್ನು ಏಕೆ ನಂಬಿದರು ಎಂಬುದಕ್ಕೆ ಹೇಳಿದೆ.

ಮರ್ಸಿ ನದಿ

ನಂಬಿಕೆ ಎಂದಾಗ ಲಿವರ್‌ಪೂಲ್ ನೆನಪಾಗದೆ ಇರದು. 1989ರ ಹಿಲ್ಸ್‌ಬರೋ ಕ್ರೀಡಾಂಗಣದ ನೂಕುನುಗ್ಗಲಿನಲ್ಲಿ ಲಿವರ್‌ಪೂಲ್ ತಂಡದ 97 ಫುಟ್‌ಬಾಲ್ ಅಭಿಮಾನಿಗಳು ಸತ್ತರು. ‘ದಿ ಸನ್’ ಪತ್ರಿಕೆ ಮುಖಪುಟದಲ್ಲಿ ‘ಸತ್ಯ’ ಎಂಬ ತಲೆಬರಹ ಕೊಟ್ಟು, ಅಭಿಮಾನಿಗಳೇ ಹೆಣಗಳ ಜೇಬು ಕತ್ತರಿಸಿದರೆಂದು ಬರೆಯಿತು. ಅದೆಲ್ಲ ಸುಳ್ಳು. 2012ರಲ್ಲಿ ಕ್ಷಮೆ ಕೇಳಿತು. ಈ ಊರಿನ ಎಷ್ಟೋ ಅಂಗಡಿಗಳಲ್ಲಿ ಇಂದಿಗೂ ಆ ಪತ್ರಿಕೆ ಸಿಗುವುದಿಲ್ಲ. ಅದೇ ಪತ್ರಿಕೆ 2015ರಲ್ಲಿ ವಲಸಿಗರನ್ನು ಜಿರಳೆಗಳಿಗೆ ಹೋಲಿಸಿದ ಅಂಕಣವನ್ನು ಅಚ್ಚು ಹಾಕಿತು. ಬಡ ಬಿಳಿಯನನ್ನು ಕಳ್ಳನೆಂದ ಪತ್ರಿಕೆಗೆ ಬಡ ವಲಸಿಗ ಹುಳುವಾಗಿ ಕಂಡ. ಇಬ್ಬರನ್ನೂ ಮೇಲಿನಿಂದ ನೋಡಿದ ಕಣ್ಣು ಒಂದೇ.

ಸೌತ್‌ಪೋರ್ಟ್‌ನಲ್ಲಿ ಮಸೀದಿಯ ಗೋಡೆ ಬಿದ್ದ ಮರುದಿನ ಊರಿನವರು ಪೊರಕೆ ಹಿಡಿದು ಬಂದರು. ಇಟ್ಟಿಗೆ ಕೆಲಸದವರು ಕೂಲಿ ಪಡೆಯದೆ ಗೋಡೆ ಕಟ್ಟಿದರು. ಆ ಗಾರೆಯವರೂ ಶ್ರಮಿಕ ವರ್ಗವೇ ತಾನೆ? ನಮ್ಮ ಸ್ಪೆಲ್ಲೋ ಲೇನ್ ಗ್ರಂಥಾಲಯವನ್ನು ಆಗಸ್ಟ್ 3ರ ರಾತ್ರಿ ಸುಟ್ಟರು. ನನ್ನ ಮಗಳು ಅಲ್ಲಿಂದ ಪುಸ್ತಕ ತರುತ್ತಿದ್ದಳು. ಅವಳ ಬಳಿ ಉಳಿದಿದ್ದ ಒಂದು ಚಿತ್ರಪುಸ್ತಕವನ್ನು ಹಿಂದಿರುಗಿಸಲು ಎಲ್ಲಿಗೆ ಹೋಗಬೇಕೆಂದು ತಿಂಗಳುಗಟ್ಟಲೆ ಕೇಳಿದಳು. ಜನ ಹಣ ಕೂಡಿಸಿದರು, ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು, ಪುಸ್ತಕ ಹಿಂದಿರುಗಿಸಿದೆವು. ದಂಡ ಹಾಕಲಿಲ್ಲ.

ಸುರಪುರ

ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. ಪ್ರಧಾನಿ ಕೀರ್ ಸ್ಟಾರ್ಮರ್ ಬಳಸಿದ್ದು ಪುಂಡಾಟ ಎಂಬರ್ಥದ ‘ಥಗರಿ’ ಎಂಬ ಶಬ್ದ. ಮಾರನೆಯ ದಿನದ ಪತ್ರಿಕೆಗಳಲ್ಲೆಲ್ಲ ‘ಥಗ್’. ಇದು ನಮ್ಮ ಕಡೆಯ ಮಾತು: ಹಿಂದಿಯ ಠಗ್, ನಮ್ಮ ಠಕ್ಕ. ಇದನ್ನು ಇಂಗ್ಲಿಷ್ ಓದುಗರಲ್ಲಿ ಮನೆಮಾತಾಗಿಸಿದವರಲ್ಲಿ ಒಬ್ಬ, 1839ರಲ್ಲಿ ಠಗ್ಗರ ಬಗ್ಗೆ ಕಾದಂಬರಿ ಬರೆದ ಮೆಡೋಸ್ ಟೇಲರ್. ಆತ ಮುಂದೆ ನಮ್ಮ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡವನು. ಅವನಿದ್ದ ಟೇಲರ್ ಮಂಜಿಲ್ ಇಂದಿಗೂ ಗುಡ್ಡದ ಮೇಲೆ ನಿಂತಿದೆ. ಆಳುವವರು ನಮ್ಮ ನೆಲದ ಜನರಿಗೆ ಹಚ್ಚಿದ ಹೆಸರು ತಿರುಗಿ ಅವರದೇ ಊರಿನ ಬಡವರ ಹಣೆಗೆ ಬಂತು.

ವಕೀಲೆ, ಧಾರವಾಡ

ಶಬ್ದದ ಮಾತು ಬಂದಿದ್ದರಿಂದ ಹೇಳುತ್ತೇನೆ. ಎಲ್ಲರೂ ‘ರಯಟ್’ ಎನ್ನುತ್ತಾರೆ, ನಮ್ಮ ಕಾನೂನು ಕನ್ನಡದಲ್ಲಿ ದೊಂಬಿ. ಆದರೆ ಬ್ರಿಟನ್ನಿನಲ್ಲಿ ಬಹುತೇಕರ ಮೇಲೆ ಹೊರಿಸಿದ್ದು ‘ವಯಲೆಂಟ್ ಡಿಸಾರ್ಡರ್’, ಅಂದರೆ ಗುಂಪು ಹಿಂಸೆ. 1986ರ ಸಾರ್ವಜನಿಕ ಸುವ್ಯವಸ್ಥೆ ಕಾಯ್ದೆಯಲ್ಲಿ ಅದಕ್ಕೆ ಮೂವರು ಸಾಕು, ಗರಿಷ್ಠ ಐದು ವರ್ಷ. ದೊಂಬಿಗೆ ಕನಿಷ್ಠ ಹನ್ನೆರಡು ಮಂದಿ ಬೇಕು, ಗರಿಷ್ಠ ಹತ್ತು ವರ್ಷ. ಸಮಾನ ಉದ್ದೇಶವನ್ನೂ ಸಾಬೀತು ಮಾಡಬೇಕು. ಬೇಗ ತೀರ್ಪು ಬೇಕಾಗಿತ್ತು, ಹಾಗಾಗಿ ಹಗುರವಾದ ಆರೋಪ.

ಸ್ಲಾವ್ ಕಾವೇರಿ

ಹಾಗಿದ್ದರೂ ಜನರ ಕಷ್ಟವನ್ನು ಯಾರು ಕೇಳುತ್ತಾರೆ? 2023ರಲ್ಲಿ ಆಶ್ರಯ ಕೋರಿದವರನ್ನು ಇರಿಸಿದ ಹೋಟೆಲುಗಳಿಗೆ ಸರಕಾರ ದಿನಕ್ಕೆ 80 ಲಕ್ಷ ಪೌಂಡ್ ಖರ್ಚು ಮಾಡುತ್ತಿತ್ತು. ನಾನು ತೆರಿಗೆ ಕಟ್ಟುತ್ತೇನೆ, ವೀಸಾ ಶುಲ್ಕ ಕಟ್ಟಿ ಸಾಲಿನಲ್ಲಿ ನಿಂತು ಬಂದವನು. ಪ್ರಶ್ನೆ ಕೇಳಿದರೆ ಬಲಪಂಥೀಯನಾಗಿಬಿಡುತ್ತೇನೆಯೇ?

ಟೀಸ್ ತೀರದ ಕನ್ನಡತಿ

ಇಲ್ಲ, ಆಗುವುದಿಲ್ಲ. ಪ್ರಶ್ನೆ ಕೇಳಿ. ಆದರೆ ಸರಕಾರ ಆಶ್ರಯ ಕೋರಿದವರನ್ನು ಬಾಡಿಗೆ ಅಗ್ಗವಾಗಿರುವ ಊರುಗಳಿಗೇ, ನಮ್ಮಂತಹ ಮಿಡಲ್ಸ್‌ಬರೋಗೇ ಕಳುಹಿಸುವುದೇಕೆ ಎಂಬುದೂ ಅದೇ ಪ್ರಶ್ನೆಯ ಭಾಗ. ಬಡತನದ ಅಧಿಕೃತ ಸೂಚ್ಯಂಕದಲ್ಲಿ ಇಂಗ್ಲೆಂಡಿನ ಕೊನೆಯ ಸಾಲಿನಲ್ಲಿರುವ ಊರು ಇದು. ಆ ಲೆಕ್ಕ ಕೇಳುವುದು ಪತ್ರಿಕೆಯ ಕೆಲಸ. ಅವರು ಕೇಳಲಿಲ್ಲ. ಆಗಿನ ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ 2022ರಲ್ಲಿ ಸಂಸತ್ತಿನಲ್ಲೇ ವಲಸಿಗರ ದೋಣಿಗಳನ್ನು ‘ಆಕ್ರಮಣ’ ಎಂದರು, ಆಗಿನ ಪ್ರಧಾನಿ ಸುನಕ್ ಅವರ ಭಾಷಣ ಪೀಠದ ಮೇಲೆ ‘ದೋಣಿ ನಿಲ್ಲಿಸಿ’ ಎಂದು ಬರೆದಿತ್ತು, ಬೀದಿಯಲ್ಲಿ ಕಲ್ಲು ಹಿಡಿದವರು ಕೂಗಿದ್ದೂ ಅದೇ ಘೋಷಣೆ. ಆ ಘೋಷಣೆಯನ್ನು ವರ್ಷಗಟ್ಟಲೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿದವರು ಆಗಸ್ಟ್ 7ರಂದು ಲಂಡನ್ನಿನ ವಾಲ್ತಮ್‌ಸ್ಟೋದಲ್ಲಿ ಜನಾಂಗ ದ್ವೇಷದ ವಿರುದ್ಧ ಸೇರಿದ ಸಾವಿರಾರು ಜನರ ಫೋಟೊವನ್ನು ಮರುದಿನ ಮುಖಪುಟದಲ್ಲಿ ಹಾಕಿ ಮೆಚ್ಚಿದರು. ಅಷ್ಟರಲ್ಲಿ ನಮ್ಮ ಕಿಟಕಿಗಳು ಒಡೆದಿದ್ದವು.

ಬೆಳ್ಳಿಚುಕ್ಕಿ

ಟಿವಿ ಬೇರೆ ಇದೆಯಲ್ಲ! ಆಗಸ್ಟ್ 5ರ ಬೆಳಿಗ್ಗೆ ಐಟಿವಿಯ ಕಾರ್ಯಕ್ರಮದಲ್ಲಿ ಸಂಸದೆ ಜಾರಾ ಸುಲ್ತಾನಾ ‘ಇದನ್ನು ಮುಸ್ಲಿಂ ದ್ವೇಷ ಎಂದು ಹೆಸರಿಟ್ಟು ಕರೆಯಿರಿ’ ಎಂದದ್ದಕ್ಕೆ ಅವರನ್ನು ಮಾತಾಡಲೇ ಬಿಡಲಿಲ್ಲ. ಅದೇ ಕಾರ್ಯಕ್ರಮದಲ್ಲಿ ನಿರೂಪಕ ಎಡ್ ಬಾಲ್ಸ್ ತಮ್ಮ ಪತ್ನಿ, ಆಗಿನ ಗೃಹ ಸಚಿವೆ ಯೆವೆಟ್ ಕೂಪರ್ ಅವರನ್ನೇ ಸಂದರ್ಶಿಸಿದರು. ಸಾವಿರಾರು ದೂರು ಹೋದವು. ಗಂಡ ಪ್ರಶ್ನೆ ಕೇಳುತ್ತಾರೆ, ಹೆಂಡತಿ ಉತ್ತರ ಹೇಳುತ್ತಾರೆ, ಏಟು ತಿಂದವರು ಬಾಯಿ ಮುಚ್ಚಿಕೊಂಡಿರಬೇಕು.

ನಿವೃತ್ತ ಸುದ್ದಿಮನೆ

ನಮ್ಮವರ ಬಗ್ಗೆಯೂ ಹೇಳದಿದ್ದರೆ ನ್ಯಾಯವಾಗದು. ನಾನು ಓದಿದ ಕನ್ನಡ ವರದಿಗಳು ಬಹುತೇಕ ಸುದ್ದಿಸಂಸ್ಥೆಯ ಪ್ರತಿಯ ಅನುವಾದ. ಗಲಭೆಗೆ ‘ವಲಸೆ ವಿರೋಧಿ ಪ್ರತಿಭಟನೆ’ ಎಂಬ ತಲೆಬರಹ. ಸಂಡರ್‌ಲ್ಯಾಂಡ್‌ನಲ್ಲಿ ಪಾಳಿಗೆ ಹೊರಟಿದ್ದ ಫಿಲಿಪ್ಪೀನ್ಸ್ ನರ್ಸ್‌ಗಳ ಮೇಲೆ ದಾಳಿಯಾಯಿತು. ನಮ್ಮ ಕರಾವಳಿಯ, ಮಲೆನಾಡಿನ ಎಷ್ಟು ಹೆಣ್ಣುಮಕ್ಕಳು ಅಂಥದೇ ಆಸ್ಪತ್ರೆಗಳಲ್ಲಿದ್ದಾರೆ! ಒಬ್ಬರಿಗೆ ಫೋನ್ ಮಾಡಿ ಕೇಳಿದ್ದರೆ ಈ ಚರ್ಚೆಯ ಮೊದಲ ಬರಹ ಆಗಲೇ ಅಚ್ಚಾಗಿರುತ್ತಿತ್ತು.

ಲೀಡ್ಸ್ ಗೆಳೆಯ

ಮಾಧ್ಯಮವನ್ನು ಬೈದದ್ದು ಸಾಕಾಯಿತು. ಅಕ್ಕ, ನೇರವಾಗಿ ಹೇಳಿ: ಆ ದಿನ ಬೀದಿಯಲ್ಲಿದ್ದವರನ್ನು ನೀವು ಏನೆಂದು ಕರೆಯುತ್ತೀರಿ? ‘ಪುಂಡರು’ ಬೇಡವೆಂದರೆ ಬೇರೆ ಶಬ್ದ ಕೊಡಿ.

ಟೀಸ್ ತೀರದ ಕನ್ನಡತಿ

ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಬರೆಯುತ್ತೇನೆ.

ಗಲಭೆ ಮುಗಿದು ಮೂರು ವಾರವಾಗಿತ್ತು. ನನ್ನನ್ನು ಮನೆಗೆ ಬಿಟ್ಟ ಆ ಹೆಂಗಸು ಬಟ್ಟೆಗಳನ್ನು ಇಡುವ ಕೋಣೆಗೆ ನನ್ನನ್ನು ಕರೆದು ಬಾಗಿಲು ಹಾಕಿಕೊಂಡರು. ಮಡಚಿದ ಪತ್ರಿಕೆಯ ತುಂಡೊಂದನ್ನು ಜೇಬಿನಿಂದ ತೆಗೆದರು. ಪೊಲೀಸರು ತೆಗೆದ ಆರೋಪಿಗಳ ಮುಖಗಳು ಸಾಲುಸಾಲಾಗಿ ಅಚ್ಚಾಗುತ್ತಿದ್ದವಲ್ಲ, ಅದು. ಎರಡನೆಯ ಸಾಲಿನಲ್ಲಿ ಕೊನೆಯವನ ಮೇಲೆ ಬೆರಳಿಟ್ಟು, "ಇವನು ನನ್ನ ಮಗಳ ಮಗ" ಎಂದರು. ಆಗಷ್ಟೇ 19 ತುಂಬಿದ ಹುಡುಗ. ನನ್ನನ್ನು ಹಿಂದಿನ ಸೀಟಿನಲ್ಲಿ ಬಗ್ಗಿ ಕೂರಿಸಿಕೊಂಡು ಬರುತ್ತಿದ್ದಾಗ ಅವನು ಅದೇ ಬೀದಿಗಳಲ್ಲೆಲ್ಲೋ ಇದ್ದ. ಅದು ಅವರಿಗೆ ಆಗ ಗೊತ್ತಿರಲಿಲ್ಲ.

ಅವರು ಅಳಲಿಲ್ಲ. ಅವನ ಪರ ಒಂದು ಮಾತೂ ಆಡಲಿಲ್ಲ. "ಮಾಡಿದ್ದಾನೆ, ಜೈಲಿಗೆ ಹೋಗಲಿ. ನಿನ್ನ ಮುಖ ನೋಡಿ ಹೇಳಬೇಕೆನಿಸಿತು" ಎಂದರು. ನಾನು ಅವರ ಕೈ ಹಿಡಿದುಕೊಂಡೆ. ಕೈ ಒರಟಾಗಿತ್ತು, ಬ್ಲೀಚಿನಿಂದ ಬೆರಳ ಗೆಣ್ಣುಗಳು ಬಿರಿದಿದ್ದವು. ನನಗೂ ದಿನಕ್ಕೆ ನೂರು ಸಲ ಕೈ ತೊಳೆದು ಹಾಗೆಯೇ ಬಿರಿಯುತ್ತವೆ.

ಗೆಳೆಯರೇ, ಆ ಹುಡುಗ ಮಾಡಿದ್ದು ಅಪರಾಧ. ಜನಾಂಗ ದ್ವೇಷದ ಅಪರಾಧ. ಅದನ್ನು ಹಾಗೆಯೇ, ಮೆದುಮಾತಿಲ್ಲದೆ ಬರೆಯಲಿ. ಆದರೆ ‘ಬಿಳಿಯ ಶ್ರಮಿಕ ವರ್ಗ’ ಎಂದು ಬರೆದು ಅವನಿಗೂ ಅವನ ಅಜ್ಜಿಗೂ ಒಂದೇ ಅಂಗಿ ತೊಡಿಸಬೇಡಿ. ಅಜ್ಜಿಯನ್ನೂ ನನ್ನನ್ನೂ ಬೇರೆ ಬೇರೆ ವರ್ಗ ಮಾಡಬೇಡಿ. ನಾವಿಬ್ಬರೂ ಒಂದೇ ವಾರ್ಡಿನಲ್ಲಿ ಒಂದೇ ಪಾಳಿ ದುಡಿಯುವವರು.

ಲೀಡ್ಸ್ ಗೆಳೆಯ

ಅಕ್ಕ, ಏನು ಬರೆಯಲಿ ಎಂದು ತಿಳಿಯುತ್ತಿಲ್ಲ. ಆ ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಹುಡುಗನ ವಿಷಯದಲ್ಲಿ ನನ್ನ ಮನಸ್ಸು ಇನ್ನೂ ಕರಗಿಲ್ಲ.

ಡಾನ್ ಕಣಿವೆ

ಕರಗಬೇಕಾಗಿಯೂ ಇಲ್ಲ. ಇಂಗ್ಲೆಂಡಿನ ಮಕ್ಕಳ ಆಯುಕ್ತರು ಗಲಭೆಯಲ್ಲಿ ಸಿಕ್ಕಿಬಿದ್ದ ಮಕ್ಕಳನ್ನು ಮಾತಾಡಿಸಿ 2025ರ ಜನವರಿಯಲ್ಲಿ ವರದಿ ಕೊಟ್ಟರು. ಬಹಳಷ್ಟು ಮಕ್ಕಳನ್ನು ಎಳೆದದ್ದು ಸಿದ್ಧಾಂತಕ್ಕಿಂತ ಕುತೂಹಲ, ಹುಮ್ಮಸ್ಸು, ಪೊಲೀಸರ ಮೇಲಿನ ಹಗೆ. ಆದರೆ ಕಲ್ಲು ಬಿದ್ದ ಮನೆಯವರಿಗೆ ಅದು ಹುಮ್ಮಸ್ಸಿನ ಕಲ್ಲೋ ಸಿದ್ಧಾಂತದ ಕಲ್ಲೋ, ನೋವು ಅಷ್ಟೇ.

ಸ್ಲಾವ್ ಕಾವೇರಿ

ನಾನು ಮೊದಲು ಬರೆದ ಸುಳ್ಳನ್ನು ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಇನ್ನೂ ಮೂವರು ನಂಬಿದ್ದರು. ಇವತ್ತು ಅಲ್ಲಿ ತಿದ್ದಿ ಹಾಕಿದ್ದೇನೆ. ಒಬ್ಬರು ಜಗಳವಾಡಿ ಗುಂಪು ಬಿಟ್ಟು ಹೋದರು. ಹೋಟೆಲ್ ಖರ್ಚಿನ ಬಗ್ಗೆ ನನ್ನ ತಕರಾರು ಹಾಗೆಯೇ ಇದೆ, ಅದನ್ನು ಬೇರೆ ಚರ್ಚೆಯಲ್ಲಿ ಎತ್ತುತ್ತೇನೆ.

ಬೆಳ್ಳಿಚುಕ್ಕಿ

ಅಕ್ಕ, ಅಣ್ಣನಿಗೆ ಏನು ಹೇಳಿದಿರಿ?

ಟೀಸ್ ತೀರದ ಕನ್ನಡತಿ

ಮಳೆಯಂಗಿಯ ಕತೆ ಹೇಳಿದೆ. ಒಂದು ವರ್ಷದಿಂದ ಮನೆಯವರಿಗೆ ಹೇಳಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಆ ಹೆಂಗಸಿಗೆ ಅಪ್ಪೆಮಿಡಿ ಉಪ್ಪಿನಕಾಯಿ ಕಳುಹಿಸಿದರೆ ತಿನ್ನುತ್ತಾರಾ?" ಎಂದು ಕೇಳಿದ.